ಕೆಂಡ ಒಂದೇ, ಪಂಕ್ತಿ ಬೇರೆ: ಗೆಳೆಯರೊಂದಿಗೆ ಕೊರಿಯಾದ ಗೋಗಿಗುಯಿಯೋ, ಜಪಾನಿನ ಯಾಕಿನಿಕುವೋ?

ಒಸಾಕಾದ ತ್ಸುರುಹಾಶಿ ನಿಲ್ದಾಣದಲ್ಲಿ ರೈಲಿನ ಬಾಗಿಲು ತೆರೆದರೆ ಪ್ರಯಾಣಿಕರಿಗಿಂತ ಮೊದಲು ಸುಟ್ಟ ಮಾಂಸದ ವಾಸನೆ ಒಳಗೆ ಹತ್ತುತ್ತದೆ. ನಿಲ್ದಾಣದ ಬುಡದಲ್ಲೇ ಹೋಟೆಲುಗಳು ಒತ್ತಾಗಿ ಕೂತಿವೆ. ಅವುಗಳ ಹೊಗೆಕೊಳವೆಗಳೆಲ್ಲ ಓಣಿಗೆ ಬಾಯಿ ತೆರೆದಿವೆ. 2001ರಲ್ಲಿ ಜಪಾನಿನ ಪರಿಸರ ಸಚಿವಾಲಯ ದೇಶದ ನೂರು ಪರಿಮಳದ ತಾಣಗಳನ್ನು ಆರಿಸಿದಾಗ, ಹೂವು, ಕಾಡು, ಕಡಲುಗಳ ಸಾಲಿನಲ್ಲಿ ಈ ನಿಲ್ದಾಣದ ಸುತ್ತಲಿನ ಗದ್ದಲಕ್ಕೂ ಒಂದು ಜಾಗ ಕೊಟ್ಟಿತು. ಸರ್ಕಾರವೊಂದು ಹೊಗೆಗೆ ಪ್ರಶಸ್ತಿ ಕೊಟ್ಟ ಪ್ರಸಂಗ ನನಗೆ ತಿಳಿದಂತೆ ಇದೊಂದೇ.

ಕೆಲಸದ ಮೇಲೆ ಆ ಊರಿನಲ್ಲಿದ್ದ ಮೂರು ವರ್ಷ, ಕರ್ನಾಟಕದಿಂದ ಬಂದ ಗೆಳೆಯರನ್ನೆಲ್ಲ ನಾನು ಆ ಓಣಿಗೆ ಕರೆದೊಯ್ದಿದ್ದೇನೆ. ಅಲ್ಲಿಂದ ಸಿಯೋಲ್‌ಗೆ ವಿಮಾನದಲ್ಲಿ ಸುಮಾರು ಎರಡು ಗಂಟೆ. ರಜೆ ಒದಗಿದಾಗ ಅಲ್ಲಿಗೂ ಗುಂಪು ಕಟ್ಟಿಕೊಂಡು ಹೋಗಿದ್ದೇವೆ. ಪ್ರತಿ ಸಲವೂ ಯಾರಾದರೊಬ್ಬರು ಕೇಳುತ್ತಿದ್ದ ಪ್ರಶ್ನೆ ಒಂದೇ: ‘ಎರಡೂ ಮೇಜಿನ ನಡುವೆ ಕೆಂಡ ಇಟ್ಟು ಮಾಂಸ ಸುಟ್ಟುಕೊಳ್ಳುವುದೇ ತಾನೆ, ಯಾವುದಕ್ಕೆ ಹೋದರೇನು?’ ಮೊದಮೊದಲು ನಾನು ಮಾಂಸದ ಜಾತಿ, ಮಸಾಲೆ, ಬೆಲೆ ಎಂದು ವಿವರಿಸುತ್ತಿದ್ದೆ. ಈಗ ಹಾಗೆ ಶುರು ಮಾಡುವುದಿಲ್ಲ. ಜೊತೆಗೆ ಯಾರು ಯಾರು ಬರುತ್ತಿದ್ದಾರೆ, ಅವರು ಒಬ್ಬರನ್ನೊಬ್ಬರು ಎಷ್ಟು ಬಲ್ಲರು ಎಂದು ಮೊದಲು ಕೇಳುತ್ತೇನೆ. ಗೋಗಿಗುಯಿ, ಅಂದರೆ ಕೊರಿಯಾದ ಮೇಜು, ಎಲ್ಲರನ್ನೂ ಒಂದೇ ಕೈಯಡುಗೆಗೆ ಕೂರಿಸುತ್ತದೆ. ಯಾಕಿನಿಕು, ಅಂದರೆ ಜಪಾನಿನ ಮೇಜಿನಲ್ಲಿ, ಪ್ರತಿಯೊಬ್ಬರಿಗೂ ಅವರವರದೇ ಒಂದು ಮೂಲೆ ಸಿಗುತ್ತದೆ. ಮಿಕ್ಕ ವ್ಯತ್ಯಾಸಗಳೆಲ್ಲ ಇದರ ಹಿಂದೆಯೇ ಬರುತ್ತವೆ.

ಒಂದೇ ಒಲೆಯ ಎರಡು ಕವಲು

ಎರಡೂ ಒಂದೇ ರೀತಿ ಕಾಣುವುದಕ್ಕೆ ಕಾರಣವಿದೆ. ಜಪಾನಿನಲ್ಲಿ ಕ್ರಿ.ಶ. 675ರಲ್ಲಿ ಚಕ್ರವರ್ತಿ ತೆನ್ಮು ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸದ ಮೇಲೆ ನಿಷೇಧ ಹೇರಿದ. ಕದ್ದುಮುಚ್ಚಿ ತಿನ್ನುವವರು ಇದ್ದೇ ಇದ್ದರು, ಆದರೆ ಬಹಿರಂಗವಾಗಿ ಮಾಂಸ ತಿನ್ನುವುದು ಬಹುಕಾಲ ಮರ್ಯಾದಸ್ಥರ ಕೆಲಸವಾಗಿರಲಿಲ್ಲ. 1872ರಲ್ಲಿ ಮೇಜಿ ಚಕ್ರವರ್ತಿಯೇ ದನದ ಮಾಂಸ ತಿಂದ ಸುದ್ದಿ ಹೊರಬಿದ್ದ ಮೇಲೆ ಆ ಮುಜುಗರ ಕರಗಿತು. ಮೇಜಿನ ಮೇಲೆ ತಾವೇ ಸುಟ್ಟುಕೊಂಡು ತಿನ್ನುವ ರೂಢಿ ಮಾತ್ರ ಬಂದದ್ದು ಕೊರಿಯನ್ನರಿಂದ. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. ಕೂಲಿ ಹುಡುಕಿಕೊಂಡು ಒಸಾಕಾಕ್ಕೆ ಬಂದ ಕೊರಿಯನ್ನರಲ್ಲಿ, ಅದರಲ್ಲೂ ಜೇಜು ದ್ವೀಪದವರಲ್ಲಿ, ಬಹಳ ಮಂದಿ ತ್ಸುರುಹಾಶಿಯ ಸುತ್ತಮುತ್ತ ನೆಲೆ ನಿಂತರು. ಯುದ್ಧ ಮುಗಿದು ಅನ್ನಕ್ಕೇ ತತ್ವಾರವಾಗಿದ್ದ ಕಾಲದಲ್ಲಿ ನಿಲ್ದಾಣದ ಬಳಿ ಕಾಳಸಂತೆ ಎದ್ದಿತು. ಅಲ್ಲಿ ಅವರು ಅಗ್ಗಕ್ಕೆ ಸಿಗುತ್ತಿದ್ದ ಬೋಟಿಯನ್ನು ಕೆಂಡದ ಮೇಲೆ ಸುಟ್ಟು ಮಾರಿದರು. ಇಂದಿನ ಯಾಕಿನಿಕುವಿನ ಬೇರು ಅದು.

ಆ ಬಂಧುತ್ವ ಹೆಸರುಗಳಲ್ಲಿ ಇನ್ನೂ ಉಳಿದಿದೆ. ಕೊರಿಯಾದಲ್ಲಿ ಪಕ್ಕೆಲುಬಿನ ಮಾಂಸ ‘ಗಾಲ್ಬಿ’. ಜಪಾನಿಗೆ ಬಂದು ಅದು ‘ಕರುಬಿ’ ಆಯಿತು. (ನಮ್ಮ ಕಿವಿಗೆ ಅದು ಹೊಟ್ಟೆಕಿಚ್ಚಿನ ಮಾತಿನಂತೆ ಕೇಳಿಸುತ್ತದೆ. ಪಕ್ಕದ ಮೇಜಿನವರ ತಟ್ಟೆ ನೋಡಿದಾಗ ಅರ್ಥವೂ ಸರಿಹೋಗುತ್ತದೆ.) ಕಿಮ್ಚಿ (ಎಲೆಕೋಸನ್ನು ಹುದುಗಿಸಿದ ಖಾರದ ಉಪ್ಪಿನಕಾಯಿ), ತಣ್ಣನೆಯ ಶಾವಿಗೆ, ಬಿಬಿಂಬಾಪ್ (ತರಕಾರಿ, ಮಾಂಸ ಹಾಕಿ ಕಲಸಿದ ಅನ್ನ) ಎಲ್ಲವೂ ಜಪಾನಿನ ಯಾಕಿನಿಕು ಹೋಟೆಲಿನ ಪಟ್ಟಿಯಲ್ಲಿ ಇಂದಿಗೂ ಇವೆ. ಹಾಗಾಗಿ ‘ಅಸಲಿ ಯಾವುದು, ನಕಲಿ ಯಾವುದು’ ಎಂಬ ಚರ್ಚೆಗೆ ಇಳಿಯಬೇಡಿ. ಒಂದೇ ಮನೆಯಿಂದ ಹೊರಟ ಇಬ್ಬರು ಮಕ್ಕಳು ಬೇರೆ ಬೇರೆ ಊರಿನಲ್ಲಿ ಬೆಳೆದು ಬೇರೆ ಬೇರೆ ಸ್ವಭಾವದವರಾಗಿದ್ದಾರೆ, ಅಷ್ಟೆ.

ಕೊರಿಯಾದ ಮೇಜು

ಸಿಯೋಲ್‌ನಲ್ಲಿ ಕೂತ ಐದು ನಿಮಿಷಕ್ಕೆ, ನೀವು ಮಾಂಸ ಹೇಳುವ ಮೊದಲೇ ಅಥವಾ ಹೇಳಿದ ಬೆನ್ನಿಗೇ, ಮೇಜು ತುಂಬಿಹೋಗುತ್ತದೆ. ಕಿಮ್ಚಿ, ಮೊಳಕೆಕಾಳು, ಮೂಲಂಗಿ ಉಪ್ಪಿನಕಾಯಿ, ಖಾರದ ಪುಡಿ ಹಾಕಿ ಕಲಸಿದ ಈರುಳ್ಳಿ ಸೊಪ್ಪು, ಹಸಿ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಒಂದು ಬುಟ್ಟಿ ಲೆಟ್ಯೂಸ್ ಎಲೆ. ಈ ನಂಜಿಕೊಳ್ಳುವ ಪದಾರ್ಥಗಳಿಗೆ ಬಾನ್‌ಚಾನ್ ಎಂದು ಹೆಸರು. ಅವಕ್ಕೆ ಬೇರೆ ದುಡ್ಡಿಲ್ಲ. ಖಾಲಿಯಾದರೆ ಮತ್ತೆ ಕೇಳಬಹುದು. ಕೆಲವು ಕಡೆ ನಾವೇ ಎದ್ದು ಹೋಗಿ ಬಡಿಸಿಕೊಂಡು ಬರಬಹುದು. ಮದುವೆ ಊಟದಲ್ಲಿ ಎಲೆಯ ತುದಿಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಬಿದ್ದ ಮೇಲೆ ಅನ್ನಕ್ಕೆ ಕಾಯುವ ನಮಗೆ ಈ ಕ್ರಮ ಅಪರಿಚಿತವೆನಿಸುವುದಿಲ್ಲ.

ಮಾಂಸದಲ್ಲಿ ಗೆಳೆಯರ ಗುಂಪಿನ ಮೊದಲ ಆಯ್ಕೆ ಸಮ್‌ಗ್ಯೊಪ್‌ಸಾಲ್. ಹೆಸರಿನ ಅರ್ಥ ‘ಮೂರು ಪದರದ ಮಾಂಸ’; ಅಂದರೆ ಹಂದಿಯ ಹೊಟ್ಟೆಯ ಭಾಗ, ಕೊಬ್ಬು ಮತ್ತು ಮಾಂಸ ಪದರ ಪದರವಾಗಿ ಕೂಡಿರುವುದು. ಅದಕ್ಕೆ ಮಸಾಲೆ ಇಲ್ಲ, ನೆನೆಸಿಡುವುದಿಲ್ಲ. ಉದ್ದನೆಯ ದಪ್ಪ ಪಟ್ಟಿಗಳನ್ನು ಹಾಗೆಯೇ ಕಾದ ಹಂಚಿನ ಮೇಲೆ ಹಾಕುತ್ತಾರೆ. ಹಂಚು ಸ್ವಲ್ಪ ಓರೆಯಾಗಿರುತ್ತದೆ. ಕರಗಿದ ಕೊಬ್ಬು ಇಳಿದು ಬರುವ ಜಾಗದಲ್ಲಿ ಕಿಮ್ಚಿಯನ್ನೂ ಬೆಳ್ಳುಳ್ಳಿಯನ್ನೂ ಇಟ್ಟರೆ ಅವು ಆ ಕೊಬ್ಬಿನಲ್ಲೇ ಹುರಿಯುತ್ತವೆ. ನನ್ನ ಕೊಡಗಿನ ಗೆಳೆಯ ಮೊದಲ ತುತ್ತು ತಿಂದು, ‘ಹಂದಿಗೆ ಹುಳಿ ಬೇಕೇ ಬೇಕು, ನಾವು ಕಾಚಂಪುಳಿ ಹಾಕುತ್ತೇವೆ, ಇವರು ಕಿಮ್ಚಿ ಹಾಕಿದ್ದಾರೆ’ ಎಂದ. ಆಮೇಲೆ ಅರ್ಧ ಗಂಟೆ ಅವನು ಮಾತನಾಡಲಿಲ್ಲ.

ಬೆಂದ ಪಟ್ಟಿಯನ್ನು ಇಕ್ಕಳದಲ್ಲಿ ಎತ್ತಿ ಹಿಡಿದು ಕತ್ತರಿಯಿಂದ ತುಂಡರಿಸುತ್ತಾರೆ. ಹೌದು, ಬಟ್ಟೆ ಕತ್ತರಿಸುವಂಥದೇ ಕತ್ತರಿ. ಆಮೇಲೆ ಸ್ಸಾಮ್ ಕಟ್ಟುವುದು. ಅಂಗೈಯಲ್ಲಿ ಲೆಟ್ಯೂಸ್ ಎಲೆ, ಅದರ ಮೇಲೆ ಘಮಘಮಿಸುವ ಪೆರಿಲ್ಲಾ ಎಲೆ, ಒಂದು ತುಂಡು ಮಾಂಸ, ಚೂರು ಬೆಳ್ಳುಳ್ಳಿ, ಬೆರಳ ತುದಿಯಷ್ಟು ಸ್ಸಾಮ್‌ಜಾಂಗ್ (ಸೋಯಾ ಹುದುಗು ಮತ್ತು ಮೆಣಸಿನ ಹುದುಗು ಕಲಸಿದ ಗಟ್ಟಿ ಚಟ್ನಿ). ಮಡಿಸಿ ಇಡಿಯಾಗಿ ಬಾಯಿಗೆ ಹಾಕಬೇಕು, ಕಚ್ಚಿ ಅರ್ಧ ಉಳಿಸಬಾರದು. ವೀಳ್ಯದೆಲೆ ಮಡಿಸಿ ಗೊತ್ತಿರುವ ಕೈಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಒಬ್ಬರು ಕಟ್ಟಿ ಇನ್ನೊಬ್ಬರ ಬಾಯಿಗೆ ಇಡುವುದೂ ಅಲ್ಲಿ ರೂಢಿ. ಹಾಗಿಟ್ಟರೆ ಅದು ಸಲಿಗೆಯ, ಪ್ರೀತಿಯ ಗುರುತು. ಅಷ್ಟು ಸಲಿಗೆ ಇಲ್ಲದವರ ನಡುವೆ ಅದು ಮುಜುಗರವೂ ಹೌದು. ನಾನು ‘ಯಾರು ಬರುತ್ತಿದ್ದಾರೆ’ ಎಂದು ಕೇಳುವುದು ಇದಕ್ಕೇ.

ಅಡುಗೆಯ ಹೊಣೆ ಸಾಮಾನ್ಯವಾಗಿ ಒಬ್ಬರದು. ಕೊರಿಯನ್ನರ ಗುಂಪಿನಲ್ಲಿ ಹೆಚ್ಚಾಗಿ ವಯಸ್ಸಿನಲ್ಲಿ ಕಿರಿಯರ ಕೈಗೆ ಇಕ್ಕಳ ಹೋಗುತ್ತದೆ. ಈಚೆಗೆ ಎಷ್ಟೋ ಹೋಟೆಲುಗಳಲ್ಲಿ ಕೆಲಸದವರೇ ನಿಂತು ಸುಟ್ಟು, ಕತ್ತರಿಸಿ, ‘ಈಗ ತಿನ್ನಿ’ ಎಂದು ತಟ್ಟೆಯ ಅಂಚಿಗೆ ಸರಿಸುತ್ತಾರೆ. ನಾವು ಆತುರಪಟ್ಟು ಮಗುಚಲು ಹೋದರೆ ಕೈಯಿಂದ ಇಕ್ಕಳ ಕಸಿದುಕೊಂಡದ್ದೂ ಉಂಟು. ಬಡಿಸುವ ಹೆಂಗಸರನ್ನು ಅಲ್ಲಿನವರು ‘ಇಮೋ’, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಾರೆ; ಬೈಗುಳವೂ ಆ ಸಂಬಂಧಕ್ಕೆ ತಕ್ಕಂತೆಯೇ ಇತ್ತು.

ಜಪಾನಿನ ಮೇಜು

ಯಾಕಿನಿಕುವಿನಲ್ಲಿ ದನದ ಮಾಂಸವೇ ರಾಜ. ಹಂದಿ, ಕೋಳಿ, ಸೀಗಡಿ, ಸ್ಕ್ವಿಡ್ ಪಟ್ಟಿಯಲ್ಲಿದ್ದರೂ ಅವೆಲ್ಲ ಪಕ್ಕವಾದ್ಯ. ಮಾಂಸ ಬರುವುದು ಒಂದೇ ತುತ್ತಿನ ತೆಳು ಹೋಳುಗಳಾಗಿ. ಸಣ್ಣ ತಟ್ಟೆಯಲ್ಲಿ ಆರೋ ಎಂಟೋ ಹೋಳು, ಹೂವಿನ ಎಸಳಿನಂತೆ ಜೋಡಿಸಿ. ಕತ್ತರಿಗೆ ಕೆಲಸವಿಲ್ಲ. ನಡುವೆ ಕೆಂಡದ ಮೇಲೆ ತಂತಿಯ ಜಾಲರಿ. ಪ್ರತಿಯೊಬ್ಬರ ಮುಂದೆ ಎರಡು ಮೂರು ಗುಳಿಯಿರುವ ಪುಟ್ಟ ತಟ್ಟೆ: ಒಂದರಲ್ಲಿ ‘ತಾರೆ’, ಅಂದರೆ ಸೋಯಾ, ಸಕ್ಕರೆ, ಬೆಳ್ಳುಳ್ಳಿ, ಎಳ್ಳು ಸೇರಿದ ಸಿಹಿ ಮುಂದಾದ ರಸ, ಇನ್ನೊಂದರಲ್ಲಿ ನಿಂಬೆರಸ ಅಥವಾ ಉಪ್ಪು.

ಇಲ್ಲಿ ಹೆಸರುಗಳನ್ನು ಒಂದಿಷ್ಟು ಕಲಿತು ಹೋದರೆ ಊಟ ಎರಡು ಪಟ್ಟು ಚೆನ್ನಾಗುತ್ತದೆ. ‘ತಾನ್’ ಎಂದರೆ ನಾಲಿಗೆ, ಇಂಗ್ಲಿಷಿನಿಂದ ಬಂದ ಮಾತು. ತೆಳ್ಳಗೆ ಕೊಯ್ದ ನಾಲಿಗೆಯನ್ನು ಉಪ್ಪು ಹಚ್ಚಿ ಸುಟ್ಟು ನಿಂಬೆ ಹಿಂಡಿ ಮೊದಲು ತಿನ್ನುತ್ತಾರೆ. ‘ರೋಸು’ ಬೆನ್ನಿನ ಭಾಗ, ಅದೂ ಇಂಗ್ಲಿಷಿನ ರೋಸ್ಟ್‌ನಿಂದ ಹುಟ್ಟಿದ್ದು. ‘ಕರುಬಿ’ ಕೊಬ್ಬಿನದು, ಬೇಗ ಬೇಯುತ್ತದೆ, ಬೇಗ ಹೊತ್ತಿಯೂ ಉರಿಯುತ್ತದೆ. ಇನ್ನು ‘ಹರಾಮಿ’. ಈ ಹೆಸರನ್ನು ನಮ್ಮ ಗುಂಪಿನಲ್ಲಿ ಯಾರೂ ನಗದೆ ಹೇಳಿಲ್ಲ. ಕಲಬುರಗಿಯ ಗೆಳೆಯನಂತೂ ‘ಎರಡು ಹರಾಮಿ ತನ್ನಿ’ ಎನ್ನುವುದಕ್ಕೆಂದೇ ಬರುತ್ತಿದ್ದ. ಅದು ಪಕ್ಕೆಲುಬಿನ ಒಳಗಿನ ವಪೆಯ ಸ್ನಾಯು. ಕೊಬ್ಬು ಕಡಿಮೆ, ರುಚಿ ಗಾಢ, ಬೆಲೆ ಮಧ್ಯಮ. ನನ್ನ ಮಟ್ಟಿಗೆ ಇಡೀ ಪಟ್ಟಿಯಲ್ಲಿ ಕಣ್ಣುಮುಚ್ಚಿ ಹೇಳಬಹುದಾದದ್ದು ಅದೊಂದೇ. ‘ಹೊರುಮೋನ್’ ಎಂದರೆ ನಮ್ಮ ಬೋಟಿಯ ವರ್ಗ. ಊರಿನಲ್ಲಿ ಬೋಟಿ ಗೊಜ್ಜು ತಿಂದು ಬೆಳೆದವರಿಗೆ ಇಷ್ಟವಾಗುತ್ತದೆ. ಉಳಿದವರು ಜಗಿದು ಜಗಿದು ಯಾವಾಗ ನುಂಗುವುದು ಎಂದು ತಿಳಿಯದೆ ಮುಖ ಮುಖ ನೋಡುತ್ತಾರೆ.

ಕ್ರಮವೂ ಇದೆ. ಮೊದಲು ಉಪ್ಪಿನವು, ಆಮೇಲೆ ತಾರೆಯಲ್ಲಿ ನೆನೆದವು. ಈ ಕ್ರಮ ಹಿಂದುಮುಂದಾದರೆ ತಾರೆಯ ಸಕ್ಕರೆ ಜಾಲರಿಗೆ ಅಂಟಿ ಕರಕಲಾಗಿ, ಮುಂದೆ ಸುಡುವ ಪ್ರತಿಯೊಂದಕ್ಕೂ ಆ ಕಹಿ ಹತ್ತುತ್ತದೆ. ಹಾಗೇನಾದರೂ ಆದರೆ ‘ಆಮಿ’ ಬದಲಿಸಿಕೊಡಿ ಎಂದು ಕೇಳಿ. ಆಮಿ ಎಂದರೆ ಜಾಲರಿ. ನಗುನಗುತ್ತಾ ಹೊಸದು ತಂದಿಡುತ್ತಾರೆ. ಕೊರಿಯಾದಲ್ಲಿ ಇದೇ ಕೋರಿಕೆಗೆ ‘ಬುಲ್‌ಪಾನ್’ ಎಂಬ ಮಾತು ಸಾಕು.

ಪ್ರತಿಯೊಬ್ಬರೂ ತಮ್ಮ ಹೋಳನ್ನು ತಾವೇ ಸುಟ್ಟುಕೊಳ್ಳುವುದು ಇಲ್ಲಿಯ ಸೊಗಸು. ನಿಮಗೆ ಒಳಗೆ ಕೆಂಪಾಗಿಯೇ ಇರಬೇಕೋ, ಪೂರ್ತಿ ಬೇಯಬೇಕೋ, ಅದು ನಿಮ್ಮ ಮೂಲೆ, ನಿಮ್ಮ ಇಷ್ಟ. ಗುಂಪಿನಲ್ಲಿ ಯಾರೋ ಒಬ್ಬ ಎಲ್ಲರ ಮಾಂಸದ ಮೇಲೂ ಅಧಿಕಾರ ಚಲಾಯಿಸಲು ತೊಡಗಿದರೆ ಜಪಾನಿಯರು ಅವನನ್ನು ‘ಯಾಕಿನಿಕು ಬುಗ್ಯೋ’ ಎಂದು ಛೇಡಿಸುತ್ತಾರೆ. ಬುಗ್ಯೋ ಎಂದರೆ ಹಳೆಯ ಕಾಲದ ನ್ಯಾಯಾಧಿಕಾರಿ. ನಮ್ಮಲ್ಲಾದರೆ ಅಮಲ್ದಾರ ಎನ್ನುತ್ತಿದ್ದೆವೇನೋ. ನಮ್ಮ ಗುಂಪಿನ ಅಮಲ್ದಾರ ಯಾರೆಂದು ನಾನು ಹೇಳುವುದಿಲ್ಲ, ಈ ಬರಹದ ಧಾಟಿಯಲ್ಲೇ ನಿಮಗೆ ತಿಳಿದಿರಬಹುದು.

ಒಂದು ಎಚ್ಚರಿಕೆ. ಹಸಿ ಮಾಂಸ ಎತ್ತುವ ಇಕ್ಕಳವೂ ತಿನ್ನುವ ಕಡ್ಡಿಯೂ ಬೇರೆ ಬೇರೆಯಾಗಿರಲಿ. 2011ರಲ್ಲಿ ಜಪಾನಿನ ಒಂದು ಯಾಕಿನಿಕು ಸರಣಿ ಹೋಟೆಲಿನಲ್ಲಿ ಹಸಿ ಗೋಮಾಂಸ ತಿಂದು ಐವರು ಸತ್ತರು. ಮರುವರ್ಷ ಜುಲೈನಿಂದ ಹಸಿ ದನದ ಲಿವರ್ ಬಡಿಸುವುದನ್ನೇ ಸರ್ಕಾರ ನಿಲ್ಲಿಸಿತು. 2015ರಲ್ಲಿ ಹಸಿ ಹಂದಿಮಾಂಸಕ್ಕೂ ನಿಷೇಧ ಬಂತು. ಲಿವರ್ ಹೇಳಿದರೆ ‘ಚೆನ್ನಾಗಿ ಸುಟ್ಟು ತಿನ್ನಿ’ ಎಂದು ಹೋಟೆಲಿನವರು ನೆನಪಿಸುವುದು ಅದಕ್ಕೇ. ಇನ್ನೊಂದು, ಜಪಾನಿನಲ್ಲಿ ನಿಮ್ಮ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ಮಾಂಸ ದಾಟಿಸಬೇಡಿ. ಶವಸಂಸ್ಕಾರದ ನಂತರ ಅಸ್ಥಿಯನ್ನು ಹಾಗೆ ಎತ್ತುತ್ತಾರೆ. ಕೊಡುವುದಾದರೆ ತಟ್ಟೆಯಲ್ಲಿಡಿ.

ನಿಮ್ಮ ಗುಂಪಿನಲ್ಲಿ ಯಾರು ಏನು ತಿನ್ನುವುದಿಲ್ಲ?

ನಮ್ಮವರ ಗುಂಪು ಎಂದರೆ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. ಆರು ಜನ ಕೂತರೆ ಅದರಲ್ಲಿ ದನ ತಿನ್ನದವರು ಇಬ್ಬರು, ಹಂದಿ ತಿನ್ನದವರು ಒಬ್ಬರು, ಎರಡೂ ತಿನ್ನುವವರು ಇಬ್ಬರು, ಮೊಟ್ಟೆಯನ್ನೂ ಮುಟ್ಟದವರು ಒಬ್ಬರು. ನಮ್ಮ ಗುಂಪಿನ ಲೆಕ್ಕ ಸುಮಾರಾಗಿ ಹೀಗೆಯೇ ಇತ್ತು.

ದನ ತಿನ್ನದವರು ಹೆಚ್ಚಿದ್ದರೆ ಕೊರಿಯಾದ ಕಡೆಗೆ ಹೋಗಿ, ಯೋಚನೆಯೇ ಬೇಡ. ಬರೀ ಹಂದಿಯ ಹೋಟೆಲುಗಳು ಅಲ್ಲಿ ಬೀದಿಗೆ ನಾಲ್ಕು. ಹೊಟ್ಟೆಯ ಭಾಗವಲ್ಲದೆ ಮೊಕ್ಸಾಲ್ ಎಂಬ ಕುತ್ತಿಗೆಯ ಮಾಂಸ, ಹಾಂಗ್‌ಜೊಂಗ್‌ಸಾಲ್ ಎಂಬ ದವಡೆಯ ಭಾಗವೂ ಸಿಗುತ್ತವೆ. ಜೇಜು ದ್ವೀಪಕ್ಕೆ ಹೋದರೆ ಅಲ್ಲಿಯ ಕಪ್ಪು ಹಂದಿಯನ್ನು ಮೆಲ್‌ಜೊತ್ ಎಂಬ, ಉಪ್ಪಿನಲ್ಲಿ ಹುದುಗಿಸಿದ ಮೀನಿನ ಗೊಜ್ಜಿಗೆ ಅದ್ದಿ ತಿನ್ನುತ್ತಾರೆ. ಕರಾವಳಿಯವರಿಗೆ ಮನೆ ನೆನಪಾಗುವ ರುಚಿ. ಹಂದಿಯೂ ಬೇಡ, ದನವೂ ಬೇಡ ಎಂದರೆ ದಾಕ್‌ಗಾಲ್ಬಿ ಇದೆ. ಚುಂಚೊನ್ ನಗರದ ಹೆಸರಿನೊಂದಿಗೆ ಬೆಸೆದುಕೊಂಡ ಈ ತಿನಿಸಿನಲ್ಲಿ ಕೋಳಿ, ಎಲೆಕೋಸು, ಗೆಣಸು, ಅಕ್ಕಿಯ ಕಡುಬಿನಂಥ ತುಂಡುಗಳನ್ನು ಮೆಣಸಿನ ಹುದುಗಿನಲ್ಲಿ ಕಲಸಿ, ಅಗಲವಾದ ಕಬ್ಬಿಣದ ಬಾಣಲೆಯಲ್ಲಿ ಮೇಜಿನ ಮೇಲೆಯೇ ಹುರಿಯುತ್ತಾರೆ. ಕೊನೆಗೆ ಅದೇ ಬಾಣಲೆಯಲ್ಲಿ ಅನ್ನ ಹಾಕಿ ಕೆರೆದು ಕೆರೆದು ಹುರಿದುಕೊಡುತ್ತಾರೆ. ಖಾರವೂ ನಮ್ಮ ಅಳತೆಯದು. ಕಡಿಮೆ ಜನಕ್ಕೆ ಗೊತ್ತಿರುವ ಈ ಆಯ್ಕೆಯೇ ಕನ್ನಡಿಗರ ಗುಂಪಿಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುತ್ತದೆ ಎಂದು ನನ್ನ ಅಭಿಪ್ರಾಯ.

ಹಂದಿ ಬೇಡ, ದನ ಆಗಬಹುದು ಎನ್ನುವವರಿಗೆ ಯಾಕಿನಿಕು ಸಲೀಸು. ಹಲಾಲ್ ಬೇಕೆಂದರೆ ಟೋಕಿಯೋ, ಒಸಾಕಾಗಳಲ್ಲಿ ಹಲಾಲ್ ಯಾಕಿನಿಕು ಹೋಟೆಲುಗಳೇ ಇವೆ. ಸಿಯೋಲ್‌ನಲ್ಲಾದರೆ ಇಟೆವೊನ್‌ಗೆ ಹೋಗಬೇಕು. 1976ರಲ್ಲಿ ತೆರೆದ ಸಿಯೋಲ್ ಕೇಂದ್ರ ಮಸೀದಿಯ ಸುತ್ತಲಿನ ಬೀದಿಗಳಲ್ಲಿ ಹಲಾಲ್ ಊಟ ಸಿಗುತ್ತದೆ.

ಪೂರ್ತಿ ಸಸ್ಯಾಹಾರಿಗಳಿಗೆ ಎರಡೂ ಕಡೆ ಕಷ್ಟವೇ. ಕೊರಿಯಾದ ಮೇಜು ಹಸಿರು ತುಂಬಿ ಆಸೆ ಹುಟ್ಟಿಸುತ್ತದೆ, ಆದರೆ ಕಿಮ್ಚಿಯಲ್ಲಿ ಸಾಮಾನ್ಯವಾಗಿ ಉಪ್ಪು ಸೀಗಡಿಯೋ ಮೀನಿನ ರಸವೋ ಇರುತ್ತದೆ, ಸೋಯಾ ಹುದುಗಿನ ಸಾರಿನ ತಳದಲ್ಲಿ ಒಣಮೀನು ಕುದಿದಿರುತ್ತದೆ. ಲೆಟ್ಯೂಸ್, ಬೆಳ್ಳುಳ್ಳಿ, ಅಣಬೆ, ಅನ್ನ ಇಷ್ಟನ್ನು ನಂಬಬಹುದು. ಜಪಾನಿನಲ್ಲಿ ಸುಡಲು ತರಕಾರಿಯ ತಟ್ಟೆಯೇ ಸಿಗುತ್ತದೆ: ಕುಂಬಳಕಾಯಿ, ಈರುಳ್ಳಿ, ದೊಣ್ಣೆಮೆಣಸು, ಜೋಳ. ರಸ ಬೇಡ, ಉಪ್ಪು ನಿಂಬೆ ಸಾಕು ಎನ್ನಬೇಕು. ಜಾಲರಿ ಸುಲಭವಾಗಿ ಬದಲಾಗುವುದರಿಂದ ಮಾಂಸ ಹಾಕುವ ಮೊದಲೇ ಹೊಸ ಜಾಲರಿಯಲ್ಲಿ ತರಕಾರಿ ಸುಟ್ಟು ಮುಗಿಸಬಹುದು. ಧಾರವಾಡದ ಗೆಳತಿ ಜಪಾನಿನಲ್ಲಿ ಹಾಗೆ ಮಾಡುತ್ತಿದ್ದಳು. ನಾವೆಲ್ಲ ಇಕ್ಕಳ ಹಿಡಿದು ಹಸಿದ ಹೊಟ್ಟೆಯಲ್ಲಿ ಅವಳ ಕುಂಬಳಕಾಯಿ ಬೇಯುವುದನ್ನು ಕಾಯುತ್ತಿದ್ದೆವು. ಕೊರಿಯಾದ ಒಂದೇ ಹಂಚಿನ, ಎಲ್ಲದರ ಕೊಬ್ಬು ಎಲ್ಲದಕ್ಕೂ ಹತ್ತುವ ಮೇಜಿನಲ್ಲಿ ಈ ಏರ್ಪಾಡು ಸಾಧ್ಯವಾಗಲಿಲ್ಲ. ಅಲ್ಲಿ ಅವಳು ಅನ್ನಕ್ಕೆ ಎಲೆ ಸುತ್ತಿ ತಿಂದು, ಆಮೇಲೆ ಹೊರಗೆ ಸುಟ್ಟ ಗೆಣಸು ಕೊಂಡುಕೊಂಡಳು.

ದುಡ್ಡಿನ ಮಾತು

ಕೊರಿಯಾದಲ್ಲಿ ಮಾಂಸವನ್ನು ‘ಇನ್‌ಬುನ್’ ಲೆಕ್ಕದಲ್ಲಿ ಮಾರುತ್ತಾರೆ, ಅಂದರೆ ಒಬ್ಬರ ಪಾಲು. ಸಾಮಾನ್ಯವಾಗಿ 150ರಿಂದ 200 ಗ್ರಾಂ. ಮೊದಲ ಸಲ ಕನಿಷ್ಠ ಎರಡು ಪಾಲು ಹೇಳಲೇಬೇಕು ಎನ್ನುವ ಹೋಟೆಲುಗಳೇ ಹೆಚ್ಚು, ಒಂಟಿಯಾಗಿ ಹೋದವರಿಗೆ ಬಾಗಿಲಲ್ಲೇ ಕೈ ಆಡಿಸಿಬಿಡುವುದೂ ಇದೆ. 2024ರಲ್ಲಿ ಸಿಯೋಲ್‌ನಲ್ಲಿ 200 ಗ್ರಾಂ ಸಮ್‌ಗ್ಯೊಪ್‌ಸಾಲ್‌ನ ಸರಾಸರಿ ಬೆಲೆ 20,000 ವಾನ್ ದಾಟಿತು. ಬಡವರ ಊಟ ಎಂಬ ಅದರ ಹಳೆಯ ಹೆಸರು ಈಗ ಸಲ್ಲದು ಎಂದು ಕೊರಿಯನ್ನರೇ ಗೊಣಗುತ್ತಾರೆ. ಆದರೂ ನಂಜಿಕೊಳ್ಳುವುದೆಲ್ಲ ಪುಕ್ಕಟೆಯಾದ್ದರಿಂದ ಬಿಲ್ ನೋಡಿ ಎದೆ ಒಡೆಯುವುದು ಕಡಿಮೆ. ದೇಶೀ ದನದ ಮಾಂಸ ‘ಹಾನ್‌ವೂ’ ಬೇಕೆಂದರೆ ಲೆಕ್ಕವೇ ಬೇರೆ. ಅದಕ್ಕೆ ಎಲ್ಲಕ್ಕಿಂತ ಮೇಲಿನ 1++ರಿಂದ 3ರವರೆಗೆ ದರ್ಜೆಗಳಿವೆ, ಮೇಲಿನ ದರ್ಜೆ ಜೇಬು ಸುಡುತ್ತದೆ. ರುಚಿ ನೋಡಲೇಬೇಕು ಎಂದರೆ ಸಿಯೋಲ್‌ನ ಮಾಜಾಂಗ್ ಮಾಂಸದ ಮಾರುಕಟ್ಟೆಗೆ ಹೋಗಿ, ಅಂಗಡಿಯಲ್ಲಿ ಮಾಂಸ ಕೊಂಡು, ಅಲ್ಲಿಯೇ ಇರುವ ಹೋಟೆಲಿನಲ್ಲಿ ತಲೆಗಿಷ್ಟು ಎಂದು ಮೇಜಿನ ದುಡ್ಡು ಕೊಟ್ಟು ಸುಟ್ಟುಕೊಳ್ಳಿ.

ಜಪಾನಿನಲ್ಲಿ ಪ್ರತಿಯೊಂದಕ್ಕೂ ಬಿಲ್ ಇದೆ. ಕಿಮ್ಚಿಗೆ, ಲೆಟ್ಯೂಸ್ ಎಲೆಗೆ, ಅನ್ನಕ್ಕೆ, ಎಲ್ಲಕ್ಕೂ ಬೇರೆ ಬೇರೆ. ಕೊರಿಯಾದಿಂದ ನೇರವಾಗಿ ಜಪಾನಿಗೆ ಬಂದ ಗೆಳೆಯರು ‘ಇನ್ನೊಂದು ಕಿಮ್ಚಿ, ಇನ್ನೊಂದು ಎಲೆ’ ಎಂದು ಧಾರಾಳವಾಗಿ ಕೇಳಿ, ಕೊನೆಗೆ ಬಿಲ್ ಕೈಗೆ ಬಂದಾಗ ಮೌನವಾದ ಸಂಜೆ ನನಗೆ ನೆನಪಿದೆ. ತಟ್ಟೆಗಳು ಚಿಕ್ಕವಾದ್ದರಿಂದ ಎಷ್ಟು ಹೇಳಿದೆವು ಎಂಬ ಅಂದಾಜೂ ಸಿಗುವುದಿಲ್ಲ. ಇದಕ್ಕೆ ಮದ್ದು ತಬೆಹೋದಾಯಿ, ಅಂದರೆ ಒಂದೇ ದರಕ್ಕೆ ಬೇಕಾದಷ್ಟು. ಸಾಧಾರಣ ಸರಣಿ ಹೋಟೆಲುಗಳಲ್ಲಿ ತಲೆಗೆ ಸುಮಾರು 3,000ದಿಂದ 5,000 ಯೆನ್, ಸಮಯ 90 ಅಥವಾ 120 ನಿಮಿಷ. ಮುಗಿಯುವುದಕ್ಕೆ ಇಪ್ಪತ್ತು ಮೂವತ್ತು ನಿಮಿಷ ಮೊದಲೇ ಕೊನೆಯ ಬೇಡಿಕೆ ಕೇಳುತ್ತಾರೆ. ಮೇಜಿನಲ್ಲಿ ಎಲ್ಲರೂ ಅದೇ ಯೋಜನೆ ತೆಗೆದುಕೊಳ್ಳಬೇಕು ಎಂಬ ಷರತ್ತು ಸಾಮಾನ್ಯ. ಗುಂಪಿನಲ್ಲಿ ಸಸ್ಯಾಹಾರಿಗಳಿದ್ದರೆ ಅವರು ಕುಂಬಳಕಾಯಿಗೆ 4,000 ಯೆನ್ ತೆರಬೇಕಾಗುತ್ತದೆ. ಮೊದಲೇ ಕೇಳಿಕೊಳ್ಳಿ.

ವಾಗ್ಯು, ಅಂದರೆ ಜಪಾನಿನ ಹೆಸರಾಂತ ದೇಶೀ ದನದ ಮಾಂಸ, ತಿನ್ನುವ ಆಸೆಯಿದ್ದರೆ ಬೇಕಾದಷ್ಟು ತಿನ್ನುವ ಹೋಟೆಲು ತಪ್ಪು ಜಾಗ. ಅದರ ಮೇಲಿನ ದರ್ಜೆಯಾದ ಎ5 ಎಂಬಲ್ಲಿ ಅಕ್ಷರ ಪ್ರಾಣಿಯಿಂದ ಸಿಕ್ಕ ಮಾಂಸದ ಪ್ರಮಾಣದ್ದು, ಅಂಕಿ ಗುಣಮಟ್ಟದ್ದು. ನಾಲಗೆಗೆ ಮುಖ್ಯವಾದದ್ದು ಅಂಕಿ. ಆ ಮಾಂಸ ಎಷ್ಟು ಕೊಬ್ಬಿನದೆಂದರೆ ನಾಲ್ಕೈದು ಹೋಳಿಗೇ ಹೊಟ್ಟೆ ‘ಸಾಕು’ ಎನ್ನುತ್ತದೆ. ಗುಂಪಿಗೆ ಒಂದು ತಟ್ಟೆ ಹೇಳಿ, ತಲೆಗೊಂದು ಹೋಳು ಹಂಚಿಕೊಂಡು, ಮುಂದೆ ಹರಾಮಿಗೆ ಮರಳುವುದು ಜಾಣತನ.

ಬಿಲ್ ಕೊಡುವ ರೀತಿಯಲ್ಲೂ ಎರಡು ಮೇಜುಗಳ ಸ್ವಭಾವ ಕಾಣುತ್ತದೆ. ಜಪಾನಿಯರು ‘ವಾರಿಕಾನ್’ ಎನ್ನುತ್ತಾರೆ, ತಲೆಗಿಷ್ಟು ಎಂದು ಸಮಪಾಲು. ಕೊರಿಯಾದ ಹಳೆಯ ರೂಢಿಯಲ್ಲಿ ಹಿರಿಯರೋ ಕರೆದವರೋ ಒಬ್ಬರೇ ಕೊಡುತ್ತಾರೆ, ಮುಂದಿನ ಸುತ್ತು ಇನ್ನೊಬ್ಬರದು. ಹೊಸ ತಲೆಮಾರು ಈಗ ಮೊಬೈಲ್‌ನಲ್ಲೇ ಪಾಲು ಹಂಚಿಕೊಳ್ಳುತ್ತದೆ. ಟಿಪ್ಸ್ ಎರಡೂ ದೇಶಗಳಲ್ಲಿ ಬೇಡ. ಅಮೆರಿಕದಲ್ಲಿ ನೆಲೆಸಿದವರು ಲಾಸ್ ಏಂಜಲೀಸ್‌ನ ಕೊರಿಯಾಟೌನ್‌ನಲ್ಲಿ ಬೇಕಾದಷ್ಟು ತಿನ್ನುವ ಹೋಟೆಲಿಗೆ ಹೋಗುವಾಗ ಈ ಮಾತನ್ನು ಮರೆಯಲಿ. ಅಲ್ಲಿ ಅದು ಬೇಕೇ ಬೇಕು.

ಬಾಟಲಿ ಮತ್ತು ಹೊಗೆ

ಕೊರಿಯಾದಲ್ಲಿ ಹಂದಿಮಾಂಸದ ಜೊತೆ ಹಸಿರು ಬಾಟಲಿಯ ಸೋಜು ಎಂಬ ಮದ್ಯ ಬರುತ್ತದೆ. ತಾನೇ ಸುರಿದುಕೊಳ್ಳುವುದಿಲ್ಲ, ಒಬ್ಬರಿಗೊಬ್ಬರು ಸುರಿಯಬೇಕು. ಹಿರಿಯರಿಗೆ ಎರಡೂ ಕೈಯಿಂದ ಸುರಿಯುತ್ತಾರೆ, ಅವರ ಎದುರು ಮುಖವನ್ನು ಪಕ್ಕಕ್ಕೆ ತಿರುಗಿಸಿ ಕುಡಿಯುತ್ತಾರೆ. ಇದರ ಪರಿಣಾಮ ಏನೆಂದರೆ ನಿಮ್ಮ ಲೋಟ ಎಷ್ಟು ಸಲ ತುಂಬಿತು ಎಂಬ ಲೆಕ್ಕ ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ. ಕುಡಿಯದವರು ಮೊದಲೇ ‘ಸೈಡಾ’ ಹೇಳಿಬಿಡಲಿ. ಹೆಸರು ಏನೇ ಇರಲಿ, ಅದು ಬರೀ ನಿಂಬೆ ಸ್ವಾದದ ಸೋಡಾ. ಯಾಕಿನಿಕು ಮೇಜಿನಲ್ಲಿ ಬಿಯರ್ ಕುಡಿಯುವವರ ಪಕ್ಕದಲ್ಲೇ ತಣ್ಣನೆಯ ಊಲಾಂಗ್ ಚಹಾ ಕುಡಿಯುವವರೂ ಇರುತ್ತಾರೆ, ಯಾರೂ ಕೆಣಕುವುದಿಲ್ಲ. ಕುಡಿತದ ಒತ್ತಾಯಕ್ಕೆ ಅಂಜುವವರು ಗುಂಪಿನಲ್ಲಿದ್ದರೆ ಜಪಾನ್ ಒಳ್ಳೆಯದು.

ಹೊಗೆಯ ವಿಷಯದಲ್ಲೂ ಹಾಗೆಯೇ. ಜಪಾನಿನ ಬಹುಪಾಲು ಹೊಸ ಹೋಟೆಲುಗಳಲ್ಲಿ ಹೊಗೆಯನ್ನು ಮೇಜಿನ ಅಂಚಿನಿಂದಲೇ ಕೆಳಕ್ಕೆ ಎಳೆದುಕೊಳ್ಳುವ ಒಲೆ ಇರುತ್ತದೆ, ಕಾಗದದ ಏಪ್ರನ್ನನ್ನೂ ಕೊಡುತ್ತಾರೆ. ಕೊರಿಯಾದಲ್ಲಿ ಸೂರಿನಿಂದ ಆನೆಯ ಸೊಂಡಿಲಿನಂತೆ ಕೊಳವೆ ಇಳಿದುಬರುತ್ತದೆ. ಎಷ್ಟು ಹತ್ತಿರ ಎಳೆದರೂ ವಾಸನೆ ಮೈಗೆ ಹತ್ತುತ್ತದೆ. ಕೋಟು, ಚೀಲಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡುತ್ತಾರೆ, ಕೆಲವೆಡೆ ಕೂರುವ ಸ್ಟೂಲಿನ ಮುಚ್ಚಳ ತೆಗೆದರೆ ಒಳಗೆ ಅದಕ್ಕೆಂದೇ ಜಾಗವಿರುತ್ತದೆ. ರೇಷ್ಮೆ ಸೀರೆಯೋ ಒಳ್ಳೆಯ ಉಲ್ಲನ್ನಿನ ಸ್ವೆಟರೋ ಉಟ್ಟುತೊಟ್ಟು ಹೋಗಬೇಡಿ.

ಹಾಗಾದರೆ ಯಾವುದು?

ಹಳೆಯ ಗೆಳೆಯರು, ನಾಲ್ಕಕ್ಕಿಂತ ಹೆಚ್ಚು ಜನ, ಮರುದಿನ ಬೇಗ ಏಳುವ ಕೆಲಸವಿಲ್ಲ ಎಂದಾದರೆ ಕೊರಿಯಾದ ಹಂದಿಯ ಮೇಜಿಗೆ ಹೋಗಿ. ಅಲ್ಲಿ ಮೌನವಾಗಿ ಕೂರುವುದು ಕಷ್ಟ. ಯಾರೋ ಸುಡುತ್ತಾರೆ, ಯಾರೋ ಕತ್ತರಿಸುತ್ತಾರೆ, ಯಾರೋ ಎಲೆ ಕಟ್ಟಿ ಬಾಯಿಗೆ ತುರುಕುತ್ತಾರೆ. ಕಾಲೇಜು ಮುಗಿದು ಹತ್ತು ವರ್ಷವಾದ ಮೇಲೆ ಸೇರಿದ ನಮ್ಮ ಗುಂಪಿಗೆ ಮೊದಲ ಹದಿನೈದು ನಿಮಿಷದ ಬಿಗುಮಾನ ಕಳೆಯಲು ಆ ಇಕ್ಕಳವೇ ಸಾಕಾಯಿತು. ಇಬ್ಬರೇ ಇದ್ದು ನಿಧಾನವಾಗಿ ಮಾತನಾಡಬೇಕೆಂದರೆ, ಅಥವಾ ಕಚೇರಿಯ ಹೊಸ ಸಹೋದ್ಯೋಗಿಗಳೊಡನೆ ಅಷ್ಟಿಷ್ಟು ಅಂತರ ಉಳಿಸಿಕೊಳ್ಳಬೇಕೆಂದರೆ, ಯಾಕಿನಿಕು. ಒಬ್ಬರೇ ಇದ್ದರಂತೂ ಜಪಾನೇ ಗತಿ. 2018ರಲ್ಲಿ ಟೋಕಿಯೋದ ಶಿಂಬಾಶಿಯಲ್ಲಿ ಶುರುವಾದ ಯಾಕಿನಿಕು ಲೈಕ್ ಎಂಬ ಸರಣಿ ಒಬ್ಬರಿಗೊಂದು ಪುಟ್ಟ ಒಲೆ ಇಟ್ಟು ಕೂರಿಸುತ್ತದೆ. ಬೆಂಗಳೂರಿನಲ್ಲಿ ಆರಿಸಬೇಕಾದವರಿಗೆ ಪ್ರಶ್ನೆ ಅರ್ಧ ಪರಿಹಾರವಾಗಿಯೇ ಇದೆ. ಜಾನುವಾರು ಹತ್ಯೆಯ ಮೇಲೆ ರಾಜ್ಯದ ಕಾನೂನು 2021ರಿಂದ ಇನ್ನಷ್ಟು ಬಿಗಿಯಾಗಿದೆ. ಹಂದಿಯನ್ನು ನೆಚ್ಚಿದ ಕೊರಿಯನ್ ಮೇಜು ಇಲ್ಲಿ ತನ್ನ ಊರಿನ ರೂಪಕ್ಕೆ ಹತ್ತಿರವಾಗಿ ಉಳಿಯಬಲ್ಲದು, ದನದ ಮಾಂಸವಿಲ್ಲದ ಯಾಕಿನಿಕು ಬೇರೆಯೇ ಆಗಿಬಿಡುತ್ತದೆ.

ಒಲೆಯೊಂದಕ್ಕೆ ನಾಲ್ಕು ಜನ ಎಂಬ ಲೆಕ್ಕ ಇಟ್ಟುಕೊಳ್ಳಿ. ಆರು ಜನ ಒಂದೇ ಒಲೆಗೆ ಕೂತರೆ ತುದಿಯ ಇಬ್ಬರಿಗೆ ಸಿಗುವುದು ಹೊಗೆ ಮಾತ್ರ. ಮೊದಲೇ ಎರಡು ಒಲೆ ಇರುವ ಜಾಗ ಕೇಳಿ.

ಹೊಟ್ಟೆಯಲ್ಲಿ ಸ್ವಲ್ಪ ಜಾಗ ಉಳಿಸಿಕೊಳ್ಳುವುದನ್ನು ಮರೆಯಬೇಡಿ. ಕೊರಿಯಾದಲ್ಲಿ ಮಾಂಸದ ನಂತರ ನೇಂಗ್‌ಮ್ಯೊನ್ ಬರುತ್ತದೆ, ಮಂಜಿನಷ್ಟು ತಣ್ಣನೆಯ ಸಾರಿನಲ್ಲಿ ಹುರುಳಿಯ ಬಣ್ಣದ ಶಾವಿಗೆ. ಅದನ್ನೂ ಕತ್ತರಿಯಲ್ಲೇ ಕತ್ತರಿಸುತ್ತಾರೆ. ಜಪಾನಿನ ‘ರೇಮೆನ್’ ಅದರ ತಂಗಿ. ಬೇಸಿಗೆಯಲ್ಲಿ ಎರಡೂ ಚೆನ್ನ, ಆದರೆ ಇದೊಂದರಲ್ಲಿ ನಾನು ಅಕ್ಕನ ಪರ.

ಕೊರಿಯಾದಲ್ಲಿ ಊಟ ಅಲ್ಲಿಗೆ ಮುಗಿಯುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ‘ಈ-ಚಾ’ ಎಂಬ ಎರಡನೆಯ ಸುತ್ತಿದೆ, ಬೇರೆ ಜಾಗ, ಬೇರೆ ಬಾಟಲಿ. ಅದಾದ ಮೇಲೆ ಹಾಡುವ ಕೋಣೆಯೂ ಇರಬಹುದು. ಸಿಯೋಲ್‌ನಲ್ಲೂ ಒಸಾಕಾದಲ್ಲೂ ಕೊನೆಯ ರೈಲು ನಡುರಾತ್ರಿಯ ಆಸುಪಾಸಿಗೆ ಹೊರಟುಬಿಡುತ್ತದೆ, ಟ್ಯಾಕ್ಸಿಗೆ ಕೊಡುವ ದುಡ್ಡಿನಲ್ಲಿ ಇನ್ನೊಂದು ತಟ್ಟೆ ಹರಾಮಿ ಬರುತ್ತಿತ್ತು. ಹೊರಡುವ ಮೊದಲೇ ಗಡಿಯಾರ ನೋಡುವ ಕೆಲಸವನ್ನು ಯಾರಿಗಾದರೂ ಒಪ್ಪಿಸಿ. ನಮ್ಮ ಗುಂಪಿನಲ್ಲಿ ಅದು ಧಾರವಾಡದ ಗೆಳತಿಯದು. ಹನ್ನೊಂದೂವರೆಗೆ ಅವಳು ಸುಟ್ಟ ಗೆಣಸಿನ ಪೊಟ್ಟಣ ಮಡಿಸಿ ಚೀಲಕ್ಕೆ ಹಾಕಿ ಎದ್ದು ನಿಂತಳೆಂದರೆ, ನಾವೂ ಏಳಬೇಕು.